ಸ್ಲೊವೇನಿಯಾದ ದುಡ್ಡು, ಬೋಸ್ನಿಯಾದ ನೆಲ: ಒಬ್ಬ ಸ್ಯಾಪರ್ ಕಲಿತ ಪಾಠಗಳು

ಯುದ್ಧ ಮುಗಿದ ದೇಶವನ್ನು ಮತ್ತೆ ಕಟ್ಟುವ ಮಾತು ಬಂದಾಗಲೆಲ್ಲ ದೊಡ್ಡ ಹೆಸರುಗಳೇ ಕಿವಿಗೆ ಬೀಳುತ್ತವೆ. ಅಮೆರಿಕ ಇಷ್ಟು ಕೊಟ್ಟಿತು, ಜಪಾನ್ ಅಷ್ಟು ಕೊಟ್ಟಿತು, ವಿಶ್ವಬ್ಯಾಂಕ್ ಇನ್ನೆಷ್ಟೋ ಸಾಲ ಕೊಟ್ಟಿತು. ಬೋಸ್ನಿಯಾದ ಕಥೆಯೂ ಹಾಗೆಯೇ. 1995ರ ಡಿಸೆಂಬರ್‌ನಲ್ಲಿ ಅಲ್ಲಿನ ಯುದ್ಧ ನಿಲ್ಲಿಸಿದ ಡೇಟನ್ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ವಿಶ್ವಬ್ಯಾಂಕ್ ಮತ್ತು ಐರೋಪ್ಯ ಆಯೋಗ ಸೇರಿ ಹಾಕಿದ ಪುನರ್ನಿರ್ಮಾಣದ ಅಂದಾಜು 510 ಕೋಟಿ ಡಾಲರ್. ಅಂಥ ಲೆಕ್ಕದ ಪುಸ್ತಕದಲ್ಲಿ ಇಪ್ಪತ್ತು ಲಕ್ಷ ಜನರ ಸ್ಲೊವೇನಿಯಾ ಎಲ್ಲಿದೆ ಎಂದು ಕನ್ನಡಕ ಹಾಕಿಕೊಂಡು ಹುಡುಕಬೇಕು.

ನಾನು ದುಡಿದದ್ದು ಆ ಸಣ್ಣ ಸಾಲಿನಲ್ಲೇ. ಬೆಂಗಳೂರಿನ ಸೇನಾ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ನೆಲಬಾಂಬ್ ಹೂಳುವುದನ್ನೂ ತೆಗೆಯುವುದನ್ನೂ ಕಲಿತು, ಸೇನೆಯಿಂದ ಹೊರಬಂದ ಮೇಲೆ ಬೋಸ್ನಿಯಾದಲ್ಲಿ ಮೈನ್ ತೆರವಿನ ಗುಣಮಟ್ಟ ನೋಡುವ ಮೇಲ್ವಿಚಾರಕನಾಗಿದ್ದೆ. ನಮ್ಮ ಸಂಬಳ, ಡೀಮೈನರ್‌ಗಳ ಕೂಲಿ, ಮೈನ್ ಮೂಸಿ ಹುಡುಕುವ ನಾಯಿಗಳ ಆಹಾರ ಎಲ್ಲವೂ ಬರುತ್ತಿದ್ದುದು ಸ್ಲೊವೇನಿಯಾ ಸರ್ಕಾರ ಕಟ್ಟಿದ ಒಂದು ನಿಧಿಯ ಮೂಲಕ. ಈಗ ನಮ್ಮ ಕಡೆಯ ಹುಡುಗ ಹುಡುಗಿಯರೂ ಪರಿಹಾರ ಸಂಸ್ಥೆಗಳಿಗೆ ಸೇರಿ ಸುಡಾನ್, ಉಕ್ರೇನ್ ಎಂದು ಹೊರಡುತ್ತಿದ್ದಾರೆ. ಹೊರಡುವ ಮೊದಲು ಒಬ್ಬಿಬ್ಬರು ಬಂದು ಕೇಳುತ್ತಾರೆ. ಅವರಿಗೆ ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿದ್ದೇನೆ.

1. ಕೈ ಚಿಕ್ಕದಾದರೆ ಒಂದೇ ಕೆಲಸ ಹಿಡಿಯಬೇಕು

ಸ್ಲೊವೇನಿಯಾ ವಿಸ್ತೀರ್ಣದಲ್ಲಿ ಕರ್ನಾಟಕದ ಹತ್ತನೇ ಒಂದು ಭಾಗಕ್ಕಿಂತ ತುಸು ದೊಡ್ಡದು. 1991ರ ಜೂನ್‌ನಲ್ಲಿ ಯುಗೊಸ್ಲಾವಿಯಾದಿಂದ ಬೇರೆಯಾಯಿತು, ಹತ್ತು ದಿನದ ಯುದ್ಧದಲ್ಲಿ ಪಾರಾಯಿತು. ಪಕ್ಕದ ಬೋಸ್ನಿಯಾಕ್ಕೆ ಆ ಅದೃಷ್ಟ ಇರಲಿಲ್ಲ. 1992ರ ಏಪ್ರಿಲ್‌ನಿಂದ ಮೂರೂವರೆ ವರ್ಷ ಅಲ್ಲಿ ಕಾಳಗ ನಡೆಯಿತು. ಯುದ್ಧಕ್ಕೆ ಮೊದಲಿದ್ದ ಸುಮಾರು 44 ಲಕ್ಷ ಜನರಲ್ಲಿ ಅರ್ಧದಷ್ಟು ಮಂದಿ ಮನೆ ಬಿಟ್ಟು ಓಡಿದರು.

ಇಂಥ ದೇಶಕ್ಕೆ ಎಲ್ಲವೂ ಬೇಕಿತ್ತು. ಮನೆ, ಸೇತುವೆ, ಶಾಲೆ, ವಿದ್ಯುತ್, ನೀರು, ಪೊಲೀಸ್, ನ್ಯಾಯಾಲಯ. ಸ್ಲೊವೇನಿಯಾ ತನ್ನ ಪುಡಿಗಾಸನ್ನು ಈ ಎಲ್ಲದಕ್ಕೂ ಹಂಚಿದ್ದರೆ ಅಲ್ಲೊಂದು ಅಂಗನವಾಡಿ, ಇಲ್ಲೊಂದು ಆಂಬುಲೆನ್ಸ್ ಆಗಿ ಮುಗಿಯುತ್ತಿತ್ತು. ಅದು ಹಾಗೆ ಮಾಡಲಿಲ್ಲ. 1998ರ ಮಾರ್ಚ್ 12ರಂದು ನೆಲಬಾಂಬ್ ತೆರವು ಮತ್ತು ಬಾಂಬಿಗೆ ಸಿಕ್ಕವರ ಆರೈಕೆಗೆ ಮಾತ್ರ ಮೀಸಲಾದ ಅಂತರರಾಷ್ಟ್ರೀಯ ನಿಧಿಯೊಂದನ್ನು ಸ್ಥಾಪಿಸಿತು. ರಾಜಧಾನಿ ಲ್ಯುಬ್ಲಿಯಾನಾ ಪಕ್ಕದ ಈಗ್ ಎಂಬ ಹಳ್ಳಿಯಲ್ಲಿ ಕಚೇರಿ. ಐಟಿಎಫ್ ಎಂದೇ ಎಲ್ಲರೂ ಕರೆಯುತ್ತಿದ್ದರು.

ಆಯ್ಕೆ ಜಾಣತನದ್ದು. ಬೋಸ್ನಿಯಾದಲ್ಲಿ ಉಳಿದ ಎಲ್ಲ ಕೆಲಸಗಳೂ ಈ ಕೆಲಸದ ಹಿಂದೆ ಸಾಲುಗಟ್ಟಿ ನಿಂತಿದ್ದವು. ವಿದ್ಯುತ್ ಕಂಬ ನೆಡಲು ಗುಂಡಿ ತೋಡುವ ಮೊದಲು ನಾವು ಹೋಗಬೇಕು. ಜರ್ಮನಿಯಿಂದ ವಾಪಸು ಬಂದ ನಿರಾಶ್ರಿತನ ಮನೆಗೆ ಹೆಂಚು ಹೊದಿಸುವ ಮೊದಲು ಅಂಗಳದ ಪ್ಲಮ್ ಮರಗಳ ನಡುವೆ ಏನಿದೆ ಎಂದು ನಾವು ನೋಡಬೇಕು. ಕೊಳವೆ ಮಾರ್ಗ, ಕಾಡಿನ ದಾರಿ, ಸ್ಮಶಾನ ಎಲ್ಲಕ್ಕೂ ಅದೇ. ಕೋಟಿಗಟ್ಟಲೆ ಹಣ ಹಿಡಿದು ಬಂದ ದೊಡ್ಡ ಸಂಸ್ಥೆಗಳು "ನೆಲ ತೆರವಾಯಿತೇ?" ಎಂದು ಕೇಳಿ ಕಾಯುತ್ತಿದ್ದವು. ಉತ್ತರ ಕೊಡುವ ಜಾಗದಲ್ಲಿ ಒಂದು ಪುಟ್ಟ ದೇಶ ಕೂತಿತ್ತು.

2. ಕೊಡುಗೆಗಿಂತ ಕೂಡಿಸುವ ಶಕ್ತಿ ದೊಡ್ಡದು

ಐಟಿಎಫ್‌ನ ಒಳಗುಟ್ಟು ಇದು. ಅಮೆರಿಕದ ಕಾಂಗ್ರೆಸ್ಸು 2.8 ಕೋಟಿ ಡಾಲರ್‌ವರೆಗೆ ಕೊಡಲು ಒಪ್ಪಿತು, ಆದರೆ ಒಂದು ಷರತ್ತಿನ ಮೇಲೆ: ಬೇರೆ ದಾನಿಗಳು ಎಷ್ಟು ತರುತ್ತಾರೋ ಅಷ್ಟೇ ಅಮೆರಿಕವೂ ಹಾಕುತ್ತದೆ. ಡಾಲರ್‌ಗೆ ಡಾಲರ್. ಹೀಗಾಗಿ ಈ ನಿಧಿಗೆ ಒಂದು ಲಕ್ಷ ಹಾಕಿದವರ ಹಣ ನೆಲದ ಮೇಲೆ ಎರಡು ಲಕ್ಷವಾಗುತ್ತಿತ್ತು. ತಮ್ಮದೇ ಕಚೇರಿ ತೆರೆದು, ತಮ್ಮದೇ ಜೀಪು ಕೊಂಡು, ತಮ್ಮದೇ ತಜ್ಞರನ್ನು ಕಳಿಸಲಾಗದ ಸರ್ಕಾರಗಳಿಗೆ ಇದು ಒಳ್ಳೆಯ ಬಾಗಿಲಾಯಿತು. ಸರ್ಕಾರಗಳಷ್ಟೇ ಅಲ್ಲ, ಕಂಪನಿಗಳೂ ನಾಗರಿಕ ಸಂಘಟನೆಗಳೂ ಈ ಬಾಗಿಲಿಗೆ ಬಂದವು.

ಸ್ಲೊವೇನಿಯಾ ತಾನು ಹಾಕಿದ್ದು ಒಟ್ಟು ಮೊತ್ತದಲ್ಲಿ ಸಣ್ಣ ಪಾಲು. ಆದರೆ ಟೆಂಡರ್ ಕರೆಯುವುದು, ಗುತ್ತಿಗೆ ಬರೆಯುವುದು, ಬಿಲ್ಲು ಪರಿಶೀಲಿಸುವುದು, ದಾನಿಗೆ ಲೆಕ್ಕ ಒಪ್ಪಿಸುವುದು, ಎಲ್ಲ ಅವರದೇ. ಬಜೆಟ್ ಭಾಷಣದಲ್ಲಿ ಎದ್ದು ಕಾಣದ ಈ ಗುಮಾಸ್ತಿಕೆಯೇ ಅವರ ನಿಜವಾದ ಕಾಣಿಕೆ ಎಂದು ನನ್ನ ತೀರ್ಮಾನ. ಸಹಾಯದ ಲೋಕದಲ್ಲಿ ದುಡ್ಡು ಕೊಡುವವರಿಗೆ ಬರವಿಲ್ಲ. ವೋಚರ್ ತಿರುವಿ ನೋಡುವವರಿಗೆ ಬರ.

ಇಲ್ಲೊಂದು ವಿಚಿತ್ರ ಹೇಳಬೇಕು. ನೆಲಬಾಂಬ್ ನಿಷೇಧಿಸುವ ಒಟ್ಟಾವಾ ಒಪ್ಪಂದ 1997ರಲ್ಲಿ ಆಯಿತು. ಬೋಸ್ನಿಯಾ ಸೇರಿತು, ಸ್ಲೊವೇನಿಯಾ ಸೇರಿತು. ತೆರವಿಗೆ ಅತಿ ಹೆಚ್ಚು ಹಣ ಸುರಿದ ಅಮೆರಿಕ ಸೇರಲಿಲ್ಲ. ತೆರವು ನೋಡಲು ಹೋದ ನನ್ನ ದೇಶವೂ ಸೇರಿಲ್ಲ. ಸಭೆಗಳಲ್ಲಿ ಯಾರಾದರೂ ಯುರೋಪಿಯನ್ ಹೆಂಗಸು ನನ್ನನ್ನು ಈ ಬಗ್ಗೆ ಕೇಳಿದರೆ ನಾನು ಕಾಫಿ ತರಲು ಎದ್ದು ಹೋಗುತ್ತಿದ್ದೆ. 2001ರ ಡಿಸೆಂಬರ್‌ನಲ್ಲಿ ನಮ್ಮ ಸಂಸತ್ತಿನ ಮೇಲೆ ದಾಳಿಯಾದ ನಂತರ ಪಂಜಾಬ್, ರಾಜಸ್ಥಾನದ ಗಡಿಯ ಹೊಲಗಳಲ್ಲಿ ನಮ್ಮವರೂ ಮೈನ್ ಹೂತರು. ಮತ್ತೆ ತೆಗೆಯುವಾಗ ಸ್ಯಾಪರ್‌ಗಳು ಕೈಕಾಲು ಕಳೆದುಕೊಂಡರು, ಸತ್ತರು. ಹೂಳಿದವರಿಗೆ ತೆಗೆಯುವುದರ ಕಷ್ಟ ಗೊತ್ತು ಎಂದು ತಿಳಿಯಲು ನಾನು ಬೋಸ್ನಿಯಾಕ್ಕೆ ಹೋಗಬೇಕಾಗಿರಲಿಲ್ಲ.

3. ಚದರ ಮೀಟರಿಗೆ ಕೂಲಿ ಕೊಟ್ಟರೆ ಚದರ ಮೀಟರೇ ಸಿಗುತ್ತದೆ

ಈ ಪಾಠ ಉದ್ದ. ಯಾಕೆಂದರೆ ಹಣ ಹಾಳಾಗುವುದು ಹೆಚ್ಚಾಗಿ ಇಲ್ಲೇ.

ತೆರವಿನ ಕೆಲಸಕ್ಕೆ ಟೆಂಡರ್ ಕರೆಯುತ್ತಿದ್ದರು. ಒಂದು ಚದರ ಮೀಟರಿಗೆ ಎಷ್ಟು ಎಂದು ಕಂಪನಿಗಳು ದರ ಬರೆಯಬೇಕು. ಪೈಪೋಟಿ ಹೆಚ್ಚಿದಂತೆ ವರ್ಷದಿಂದ ವರ್ಷಕ್ಕೆ ದರ ಇಳಿಯಿತು. ದಾನಿಗಳು ಖುಷಿಪಟ್ಟರು, ಅದೇ ಹಣಕ್ಕೆ ಹೆಚ್ಚು ನೆಲ. ವರದಿಯಲ್ಲಿ ನೋಡಿದರೆ ಬಲು ಚೆಂದ.

ನೆಲದ ಮೇಲೆ ಏನಾಗುತ್ತದೆ ನೋಡಿ. ಒಬ್ಬ ಡೀಮೈನರ್ ಒಂದು ಮೀಟರ್ ಅಗಲದ ಲೇನಿನಲ್ಲಿ ಮಂಡಿಯೂರಿ ಕೂರುತ್ತಾನೆ. ಮೊದಲು ಟ್ರಿಪ್‌ವೈರ್‌ಗಾಗಿ (ಕಾಲು ತಾಗಿದರೆ ಮೈನ್ ಸಿಡಿಸುವ ತಂತಿ) ಕಡ್ಡಿ ಹಿಡಿದು ಸವರಿ ನೋಡಬೇಕು. ಹುಲ್ಲು ಕತ್ತರಿಸಬೇಕು. ಮೆಟಲ್ ಡಿಟೆಕ್ಟರ್ ಆಡಿಸಬೇಕು. ಸದ್ದು ಬಂದ ಕಡೆ ಪ್ರಾಡರ್ ಎಂಬ ಚೂಪು ಸಲಾಕೆಯನ್ನು ಓರೆಯಾಗಿ ಚುಚ್ಚುತ್ತ ಹೋಗಬೇಕು, ನೇರವಾಗಿ ಒತ್ತಿದರೆ ಮೈನಿನ ತಲೆಗೇ ತಾಗುತ್ತದೆ. ಯುದ್ಧ ನಡೆದ ಜಾಗದಲ್ಲಿ ನೆಲದ ತುಂಬ ಗುಂಡಿನ ಚೂರು, ಮೊಳೆ, ಸಾರ್ಡೀನ್ ಡಬ್ಬಿ. ನೂರು ಸದ್ದಿನಲ್ಲಿ ತೊಂಬತ್ತೊಂಬತ್ತು ಕಸ. ನೂರಕ್ಕೂ ಅದೇ ಎಚ್ಚರ ಬೇಕು. ಹೀಗೆ ಕೈಯಿಂದ ಮಾಡಿದರೆ ದಿನಕ್ಕೆ ಮೂವತ್ತು ನಲವತ್ತು ಚದರ ಮೀಟರ್ ಆದರೆ ಹೆಚ್ಚು. ಮಳೆ ಬಂದರೆ, ಹಿಮ ಬಿದ್ದರೆ ಅದೂ ಇಲ್ಲ.

ಈಗ ಅವನ ಕಂಪನಿಗೆ ಚದರ ಮೀಟರಿನ ಲೆಕ್ಕದಲ್ಲಿ ಹಣ. ಕಡಿದಾದ ಗುಡ್ಡದ, ಪೊದೆ ತುಂಬಿದ, ನಿಜಕ್ಕೂ ಮೈನ್ ಇರುವ ಮುಂಚೂಣಿಯ ಕಂದಕ ಯಾರಿಗೆ ಬೇಕು? ಬಯಲಿನ ಹುಲ್ಲುಗಾವಲು ಇದ್ದರೆ ಯಂತ್ರ ಓಡಿಸಿ, ನಾಯಿ ಓಡಿಸಿ, ತಿಂಗಳಲ್ಲಿ ಎಕರೆಗಟ್ಟಲೆ ಮುಗಿಸಬಹುದು. ಅಲ್ಲಿ ಒಂದೂ ಮೈನ್ ಸಿಗದೆ ಇರಬಹುದು. ಆದರೂ ಅದು "ತೆರವಾದ ನೆಲ". ಒಂದು ಕಂಪನಿಯ ಮೇಸ್ತ್ರಿ ನನ್ನ ಮುಂದೆಯೇ ನಗುತ್ತ ಹೇಳಿದ್ದ, "ಮೇಜರ್ ಸಾಬ್, ಮೈನ್ ಸಿಕ್ಕರೆ ನಮಗೆ ನಷ್ಟ."

ಅವನನ್ನು ಬೈದು ಫಲವಿಲ್ಲ. ಅವನು ಗುತ್ತಿಗೆಯ ಕಾಗದವನ್ನು ಸರಿಯಾಗಿಯೇ ಓದಿದ್ದ. ಕಾಗದ ಬರೆದವರು ತಿದ್ದಿಕೊಳ್ಳಬೇಕು. ಯಾವ ತುಂಡು ನೆಲ ಮೊದಲು ಎನ್ನುವುದನ್ನು ಕಂಪನಿಗೂ ಬಿಡಬಾರದು, ದಾನಿಗೂ ಬಿಡಬಾರದು. ಅಲ್ಲಿ ಬದುಕಬೇಕಾದವರಿಂದ ಕೇಳಿ ಪಟ್ಟಿ ಮಾಡಬೇಕು, ಆ ಪಟ್ಟಿ ಗೋಡೆಯ ಮೇಲೆ ಎಲ್ಲರಿಗೂ ಕಾಣಬೇಕು. ತೆರವು ಮಾಡಿದ ಕಂಪನಿಯೇ ತನ್ನ ಕೆಲಸಕ್ಕೆ ಪ್ರಮಾಣಪತ್ರ ಬರೆದುಕೊಳ್ಳಬಾರದು. ನನ್ನಂಥ ಮೂರನೆಯವನು ಹೋಗಿ ಮುಗಿದ ನೆಲದಲ್ಲಿ ಅಲ್ಲೊಂದು ಇಲ್ಲೊಂದು ತುಂಡು ಗುರುತು ಹಾಕಿ ಮತ್ತೆ ಪರೀಕ್ಷಿಸಬೇಕು. ನಮ್ಮನ್ನು ನೋಡಿದರೆ ಸೈಟಿನಲ್ಲಿ ಮುಖ ಬಾಡುತ್ತಿದ್ದವು. ಆದರೆ ಹೊಟ್ಟೆಪಾಡಿಗೆ ಆ ಲೇನಿನಲ್ಲಿ ಮಂಡಿಯೂರಿದ ಹುಡುಗರಿಗೆ ನಾವು ಬಂದರೆ ಸಮಾಧಾನ. ಯಾಕೆಂದರೆ ನಾವಿದ್ದ ದಿನ ಯಾರೂ ಅವರನ್ನು "ಬೇಗ, ಬೇಗ" ಎನ್ನುತ್ತಿರಲಿಲ್ಲ.

ಹಣ ಇರುವ ಕಡೆ ಕೊಳೆಯೂ ಇರುತ್ತದೆ. ಬೋಸ್ನಿಯಾದ ಮೈನ್ ತೆರವು ಆಯೋಗದ ಮೂವರು ಸದಸ್ಯರನ್ನು ಅಲ್ಲಿದ್ದ ಅಂತರರಾಷ್ಟ್ರೀಯ ಸಮುದಾಯದ ಉನ್ನತ ಪ್ರತಿನಿಧಿ ವುಲ್ಫ್‌ಗ್ಯಾಂಗ್ ಪೆಟ್ರಿಟ್ಶ್ 2000ದ ಅಕ್ಟೋಬರ್‌ನಲ್ಲಿ ಹಿತಾಸಕ್ತಿ ಸಂಘರ್ಷದ ಕಾರಣಕ್ಕೆ ವಜಾ ಮಾಡಿದರು. ತೆರವಿಗೆ ಪ್ರತ್ಯೇಕ ಕಾಯ್ದೆ ಬಂದದ್ದು ಅದರ ನಂತರ, 2002ರಲ್ಲಿ. ಡೇಟನ್ ಒಪ್ಪಂದ ದೇಶವನ್ನು ಹಂಚಿದ ಎರಡೂ ಆಡಳಿತ ಭಾಗಗಳ ಕಚೇರಿಗಳು ಒಂದೇ ರಾಷ್ಟ್ರೀಯ ಕೇಂದ್ರದ ಕೆಳಗೆ ಬಂದದ್ದೂ ಆ ಕಾಯ್ದೆಯಿಂದಲೇ. ನನ್ನನ್ನು ಕೇಳಿದರೆ, ಹಣ ಬರುವ ಮೊದಲು ಕಾಯ್ದೆ ಬಂದಿದ್ದರೆ ಚೆನ್ನಾಗಿತ್ತು. ಆದರೆ ಯುದ್ಧ ಮುಗಿದ ದೇಶದಲ್ಲಿ ಯಾವುದೂ ಆ ಕ್ರಮದಲ್ಲಿ ಬರುವುದಿಲ್ಲ.

4. ಸಲಿಕೆಗೆ ಮೊದಲು ಕಾಗದ, ಕಾಗದಕ್ಕೆ ಮೊದಲು ಕಾಫಿ

ಯುದ್ಧ ಮುಗಿದಾಗ ಬೋಸ್ನಿಯಾದಲ್ಲಿ ಮೈನ್ ಇರಬಹುದು ಎಂದು ಗುರುತಿಸಿದ ನೆಲ 4,000 ಚದರ ಕಿಲೋಮೀಟರಿಗೂ ಹೆಚ್ಚು. ನಮ್ಮವರಿಗೆ ಅಂದಾಜು ಸಿಗಲಿ ಎಂದರೆ, ಇಡೀ ಕೊಡಗು ಜಿಲ್ಲೆ ಅಷ್ಟಿದೆ. ಕುಶಾಲನಗರದಿಂದ ಕುಟ್ಟದವರೆಗೆ ಯಾರೂ ತೋಟಕ್ಕೆ ಇಳಿಯಬೇಡಿ ಎಂದ ಹಾಗೆ.

ಆದರೆ ಅಷ್ಟೂ ನೆಲದಲ್ಲಿ ಮೈನ್ ಇರಲಿಲ್ಲ. ಮೈನ್ ಇರುವುದು ಮುಂಚೂಣಿಯ ಉದ್ದಕ್ಕೆ ಪಟ್ಟಿಯಾಗಿ, ಕಾಲುದಾರಿಯ ತಿರುವಿನಲ್ಲಿ, ಸೇತುವೆಯ ಬುಡದಲ್ಲಿ, ಖಾಲಿ ಮನೆಯ ಹೊಸ್ತಿಲಲ್ಲಿ. ಉಳಿದದ್ದು ಬರೀ ಭಯ. ಭಯದ ನೆಲವನ್ನೂ ಮೈನಿನ ನೆಲವನ್ನೂ ಬೇರೆ ಮಾಡುವುದೇ ಸರ್ವೆ. ಅದಕ್ಕೆ ಬೇಕಾದದ್ದು ಯಂತ್ರವಲ್ಲ, ಮಾತು.

ಸೈನ್ಯಗಳು ಒಪ್ಪಿಸಿದ ಮೈನ್‌ಫೀಲ್ಡ್ ದಾಖಲೆಗಳು ಹದಿನೆಂಟು ಹತ್ತೊಂಬತ್ತು ಸಾವಿರ ಇದ್ದವು. ಓದಿದರೆ ಅಳುವುದೋ ನಗುವುದೋ. "ದೊಡ್ಡ ಓಕ್ ಮರದಿಂದ ಎಡಕ್ಕೆ ಹನ್ನೆರಡು ಹೆಜ್ಜೆ" ಎಂದು ಬರೆದಿರುತ್ತದೆ. ಓಕ್ ಮರವನ್ನು ಚಳಿಗಾಲದಲ್ಲಿ ಯಾರೋ ಸೌದೆಗೆ ಕಡಿದಿದ್ದಾರೆ. ಹೆಜ್ಜೆ ಯಾರದ್ದು, ಉದ್ದ ಕಾಲಿನವನದ್ದೋ ಗಿಡ್ಡನದ್ದೋ? ಇನ್ನು ದಾಖಲೆಯೇ ಇಲ್ಲದೆ ಹೂತದ್ದು ಬೇಕಾದಷ್ಟು. ಹಾಗಾಗಿ ಹೂತವನನ್ನೇ ಹುಡುಕಬೇಕು.

ಅವನು ಎಲ್ಲಿರುತ್ತಾನೆ? ಆ ಎರಡು ಆಡಳಿತ ಭಾಗಗಳ ನಡುವಿನ ಡೇಟನ್ ಗೆರೆಯ ಆಚೆ. ಆಗ ಶತ್ರು, ಈಗ ಲಾರಿ ಡ್ರೈವರ್ ಅಥವಾ ಗರಗಸದ ಮಿಲ್ಲಿನ ಆಳು. ಹೋಗಿ ಬಾಗಿಲು ತಟ್ಟಿದರೆ ಮೊದಲು ಜೆಜ್ವಾ ಎಂಬ ಪುಟ್ಟ ಪಾತ್ರೆಯಲ್ಲಿ ಕಾಫಿ ಕಾಯುತ್ತದೆ, ಸಕ್ಕರೆಯ ಗಟ್ಟಿ ಬರುತ್ತದೆ, ಮಗನ ಮದುವೆಯ ಆಲ್ಬಂ ಬರುತ್ತದೆ. ಮೈನಿನ ಮಾತು ಬರುವುದು ಎರಡನೆಯದೋ ಮೂರನೆಯದೋ ಭೇಟಿಗೆ. ಹೇಳಿದರೆ ಎಲ್ಲಿ ಯುದ್ಧಾಪರಾಧದ ಕೇಸು ಹಾಕುತ್ತಾರೋ ಎಂಬ ಅಳುಕು ಅವನಿಗೆ. ನಾನು ಭಾರತದವನು ಎಂಬುದು ಇಲ್ಲಿ ಸ್ವಲ್ಪ ಉಪಯೋಗಕ್ಕೆ ಬಂತು. ಯುದ್ಧದಲ್ಲಿ ಕಾದಾಡಿದ ಮೂರು ಪಂಗಡಗಳಲ್ಲಿ ಯಾವುದಕ್ಕೂ ನಾನು ಸೇರಿರಲಿಲ್ಲ, ಮೇಲಾಗಿ ಅಲಿಪ್ತ ಚಳವಳಿಯ ಕಾಲದ ನೆಹರೂ ಮತ್ತು ಯುಗೊಸ್ಲಾವಿಯಾದ ನಾಯಕ ಟಿಟೊ ಜೊತೆಗಿದ್ದ ಫೋಟೊ ಹಳಬರಿಗೆ ಇನ್ನೂ ನೆನಪಿತ್ತು. "ನಾನೂ ಹೂತವನೇ" ಎಂದು ನಾನು ಹೇಳಿದರೆ ಅವನು ಪೆನ್ಸಿಲ್ ಕೇಳುತ್ತಿದ್ದ.

ಹೀಗೆ ಬರೆದ ಒಂದು ಕೈನಕ್ಷೆ ತಿಂಗಳುಗಟ್ಟಲೆ ಕೆಲಸ ಉಳಿಸುತ್ತದೆ. ಆದರೆ ಸರ್ವೆಗೆ ಹಣ ಕೇಳಿ ನೋಡಿ, ದಾನಿಯ ಮುಖ ಸಪ್ಪಗಾಗುತ್ತದೆ. ಸರ್ವೆಯಲ್ಲಿ ಫೋಟೊ ಇಲ್ಲ. ಹೆಲ್ಮೆಟ್ಟು ಹಾಕಿದ ಸಚಿವರು ಸ್ಫೋಟದ ಗುಂಡಿ ಒತ್ತುವ ಅವಕಾಶ ಇಲ್ಲ. ಇಬ್ಬರು ನಡುವಯಸ್ಸಿನ ಗಂಡಸರು ಕಾಫಿ ಕುಡಿಯುವುದನ್ನು ಯಾವ ಪತ್ರಿಕೆ ಹಾಕುತ್ತದೆ? ಸಣ್ಣ ದೇಶ ತನ್ನ ಹಣವನ್ನು ಇಂಥ ಕಡೆಯೇ ಹಾಕಬೇಕು ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಖರ್ಚು ಕಡಿಮೆ, ಫಲ ಹೆಚ್ಚು, ಮತ್ತು ಇನ್ನಾರೂ ಹಾಕುವುದಿಲ್ಲ.

5. ಪಡೆಯುವವರ ಬಳಿಯೂ ಒಂದು ಲೆಕ್ಕದ ಪುಸ್ತಕ ಇರುತ್ತದೆ

ಸ್ಲೊವೇನಿಯಾಕ್ಕೆ ಬೇರೆ ಯಾವ ದಾನಿಗೂ ಇಲ್ಲದ ಅನುಕೂಲ ಒಂದಿತ್ತು. ನಿನ್ನೆಯವರೆಗೆ ಒಂದೇ ದೇಶ. ಲ್ಯುಬ್ಲಿಯಾನಾದ ಅಧಿಕಾರಿಗೂ ಬೋಸ್ನಿಯಾದ ರಾಜಧಾನಿ ಸರಾಯೆವೊದ ಅಧಿಕಾರಿಗೂ ದುಭಾಷಿ ಬೇಡ. ಒಂದೇ ಸೈನ್ಯದ ತರಬೇತಿ, ಒಂದೇ ಮೈನುಗಳ ಹೆಸರು. ಪಿಎಂಎ-2 ಎಂದರೆ ಎಷ್ಟು ಪುಟ್ಟದು, ಪ್ರೊಮ್-1 ಎಂದರೆ ನೆಲದಿಂದ ಸೊಂಟದೆತ್ತರಕ್ಕೆ ಹಾರಿ ಸಿಡಿದು ಸುತ್ತಲಿನವರನ್ನೆಲ್ಲ ಕೊಲ್ಲುವಂಥದ್ದು ಎಂದು ಈಗ್ ಹಳ್ಳಿಯ ಆ ಕಚೇರಿಯಲ್ಲಿ ಯಾರಿಗೂ ವಿವರಿಸಬೇಕಿರಲಿಲ್ಲ. ಅಮೆರಿಕನ್ ಅಧಿಕಾರಿ ಆರು ತಿಂಗಳಲ್ಲಿ ಕಲಿಯುವುದು ಇವರಿಗೆ ಹುಟ್ಟಿನಿಂದ ಗೊತ್ತಿತ್ತು.

ಆದರೆ ನಂಟಿಗೆ ನೆನಪಿನ ಶಕ್ತಿ ಜಾಸ್ತಿ. ಐಟಿಎಫ್‌ನ ಫಲಕ ಇರುವ ಸೈಟಿನ ಪಕ್ಕದ ಹೋಟೆಲಿನಲ್ಲಿ ಕೂತರೆ ಒಂದು ಪ್ರಶ್ನೆ ತಪ್ಪದೆ ಬರುತ್ತಿತ್ತು: "ನಮ್ಮ ಬ್ಯಾಂಕಿನ ದುಡ್ಡು ಯಾವಾಗ ಕೊಡುತ್ತಾರಂತೆ?" ಯುಗೊಸ್ಲಾವಿಯಾ ಕಾಲದಲ್ಲಿ ಜರ್ಮನಿ, ಆಸ್ಟ್ರಿಯಾಗಳಲ್ಲಿ ದುಡಿದ ಬೋಸ್ನಿಯಾದವರು ಮಾರ್ಕುಗಳನ್ನು ತಂದು ಸ್ಲೊವೇನಿಯಾದ ಲ್ಯುಬ್ಲಿಯಾನ್‌ಸ್ಕಾ ಬಾಂಕಾದ ಸರಾಯೆವೊ ಶಾಖೆಯಲ್ಲಿ ಇಟ್ಟಿದ್ದರು. ದೇಶ ಒಡೆಯಿತು, ಠೇವಣಿ ಸಿಕ್ಕಿಬಿತ್ತು. 1994ರಲ್ಲಿ ಸ್ಲೊವೇನಿಯಾ ಹೊಸ ಬ್ಯಾಂಕ್ ಮಾಡಿ ಆಸ್ತಿಯನ್ನು ಅದಕ್ಕೆ ವರ್ಗಾಯಿಸಿತು, ಹೊರಗಿನವರ ಇಂಥ ಠೇವಣಿಗಳ ಹೊಣೆಯನ್ನು ಹಳೆಯ ಬ್ಯಾಂಕಿನ ತಲೆಗೇ ಬಿಟ್ಟಿತು. ಈ ಹಣ ವಾಪಸು ಕೊಡುವ ಹೊಣೆ ಸ್ಲೊವೇನಿಯಾದ್ದು ಎಂದು ಐರೋಪ್ಯ ಮಾನವ ಹಕ್ಕು ನ್ಯಾಯಾಲಯದ ಅಂತಿಮ ತೀರ್ಪು ಬಂದದ್ದು 2014ರ ಜುಲೈನಲ್ಲಿ. ಠೇವಣಿ ಇಟ್ಟವರಲ್ಲಿ ಎಷ್ಟೋ ಮುದುಕರು ಅಷ್ಟರಲ್ಲಿ ತೀರಿಹೋಗಿದ್ದರು.

ಇನ್ನೊಂದು ಗಾಯ ಇದಕ್ಕಿಂತ ಆಳದ್ದು. 1992ರ ಫೆಬ್ರವರಿ 26ರಂದು ಸ್ಲೊವೇನಿಯಾ ತನ್ನ ಕಾಯಂ ನಿವಾಸಿಗಳ ಪಟ್ಟಿಯಿಂದ ಸುಮಾರು 25,000 ಮಂದಿಯ ಹೆಸರನ್ನು ಹೊಡೆದುಹಾಕಿತು. ಹೆಚ್ಚಿನವರು ಬೋಸ್ನಿಯಾ, ಸರ್ಬಿಯಾ, ಕ್ರೊಯೇಶಿಯಾಗಳಿಂದ ಬಂದು ಗಣಿ, ಉಕ್ಕಿನ ಕಾರ್ಖಾನೆ, ಕಟ್ಟಡ ಕೆಲಸಗಳಲ್ಲಿದ್ದವರು ಮತ್ತು ಅವರ ಮಕ್ಕಳು. ರಾತ್ರೋರಾತ್ರಿ ಕೆಲಸವಿಲ್ಲ, ಪಿಂಚಣಿಯಿಲ್ಲ, ಆಸ್ಪತ್ರೆಯಿಲ್ಲ. ಇದು ಹಕ್ಕಿನ ಉಲ್ಲಂಘನೆ ಎಂದು ಅದೇ ನ್ಯಾಯಾಲಯ 2012ರಲ್ಲಿ ಹೇಳಿತು. ಒಂದು ಕೈಯಲ್ಲಿ ಬೋಸ್ನಿಯಾದ ಹೊಲದಿಂದ ಬಾಂಬ್ ತೆಗೆಯುತ್ತಿದ್ದ ದೇಶವೇ ಇನ್ನೊಂದು ಕೈಯಲ್ಲಿ ಬೋಸ್ನಿಯಾದವನ ಗುರುತಿನ ಚೀಟಿ ಹಿಡಿದಿಟ್ಟುಕೊಂಡಿತ್ತು.

ಇದರಿಂದ ತೆರವಿನ ಕೆಲಸ ಸುಳ್ಳಾಗುವುದಿಲ್ಲ. ಹಾಗೆಂದು ಬ್ಯಾಂಕಿನ ದುಡ್ಡಿನ ಪ್ರಶ್ನೆ ಕೇಳಿದವನನ್ನು ಕೃತಘ್ನ ಎನ್ನುವವರನ್ನು ಕಂಡರೆ ನನಗಾಗದು. ಯಾವ ದಾನಿಯ ಪರವಾಗಿ ಹೊರಟಿದ್ದೀರೋ ಆ ದೇಶಕ್ಕೂ ಈ ಜನಕ್ಕೂ ಹಿಂದೆ ಏನೇನು ನಡೆದಿದೆ ಎಂದು ವಿಮಾನ ಹತ್ತುವ ಮೊದಲು ಓದಿಕೊಂಡಿರಿ. ಹೋಟೆಲಿನಲ್ಲಿ ಪ್ರಶ್ನೆ ಬಂದಾಗ ಸಮರ್ಥನೆಗೆ ಇಳಿಯಬೇಡಿ. "ಹೌದು, ಅದು ಬಾಕಿ ಇದೆ" ಎಂದರೆ ಸಾಕು, ಅವರು ಮೈನಿನ ಮಾತಿಗೆ ಬರುತ್ತಾರೆ.

6. ಕಾಲು ಹೋದವನ ಲೆಕ್ಕ ಆರ್ಥಿಕ ವರ್ಷಕ್ಕೆ ಮುಗಿಯುವುದಿಲ್ಲ

ಲ್ಯುಬ್ಲಿಯಾನಾದಲ್ಲಿ ಸೋಚಾ ಎಂಬ ಪುನರ್ವಸತಿ ಸಂಸ್ಥೆಯಿದೆ. ನಿಧಿಯ ಹಣದಲ್ಲಿ ಬೋಸ್ನಿಯಾದ ಮೈನ್ ಸಂತ್ರಸ್ತರನ್ನು ಅಲ್ಲಿಗೆ ಕರೆದೊಯ್ದು ಕೃತಕ ಕಾಲು ಜೋಡಿಸಿ, ನಡೆಯಲು ಕಲಿಸಿ ಕಳಿಸುತ್ತಿದ್ದರು. ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೃತಕ ಕಾಲು ಕೆಲವು ವರ್ಷಕ್ಕೆ ಸವೆಯುತ್ತದೆ. ಹುಡುಗನಾದರೆ ಅವನು ಬೆಳೆದಂತೆ ಒಂದೆರಡು ವರ್ಷಕ್ಕೇ ಅದು ಗಿಡ್ಡವಾಗುತ್ತದೆ. ಹಳ್ಳಿಯ ಏರುದಾರಿ, ಕೆಸರು, ಹಿಮದಲ್ಲಿ ಇನ್ನೂ ಬೇಗ. ಆಗ ಯಾರ ಬಳಿ ಹೋಗಬೇಕು?

ಸೋಚಾದವರು ಮಾಡಿದ ಇನ್ನೊಂದು ಕೆಲಸದ ಬೆಲೆ ಇಲ್ಲಿ ತಿಳಿಯುತ್ತದೆ: ಬೋಸ್ನಿಯಾದವರೇ ಆದ ವೈದ್ಯರು, ಥೆರಪಿಸ್ಟುಗಳು, ಕೃತಕ ಅವಯವ ಮಾಡುವ ಕುಶಲಿಗರಿಗೆ ತರಬೇತಿ. ಕಾಲು ಕೊಡುವುದಕ್ಕಿಂತ ಕಾಲು ಮಾಡುವವನನ್ನು ಕೊಡುವುದು ಮೇಲು. ಸಂತ್ರಸ್ತರಿಗಾಗಿ ಹಣ ಕೇಳಲು ಹೋದಾಗಲೆಲ್ಲ ನಾನು ಮೊದಲು ಕೇಳುತ್ತಿದ್ದುದು ವರ್ಕ್‌ಶಾಪಿನ ಸಾಮಾನು ಮತ್ತು ಸಂಬಳ. ಆಮೇಲೆ ಉಳಿದದ್ದು.

7. ಫಲಕ ಚಿಕ್ಕದಿರಲಿ

ಹೆಚ್ಚು ಹೇಳುವುದಿಲ್ಲ. ತೆರವಾದ ಹೊಲದ ಬದಿಯಲ್ಲಿ ದಾನಿಯ ಧ್ವಜದ ದೊಡ್ಡ ಫಲಕ ನೆಟ್ಟರೆ ರೈತನಿಗೆ ಎರಡು ತೊಂದರೆ. ಉಳುವಾಗ ಅಡ್ಡ, ಮತ್ತು ಪಕ್ಕದ ಊರಿನವರು "ಅವರಿಗೆ ಮೊದಲು ಯಾಕೆ?" ಎಂದು ಕೇಳುತ್ತಾರೆ. ಮೂರು ಪಂಗಡದ ದೇಶದಲ್ಲಿ ಆ ಪ್ರಶ್ನೆ ಬರೀ ಹೊಟ್ಟೆಕಿಚ್ಚಿನದಲ್ಲ.

8. ಕ್ಯಾಮೆರಾ ಹೊರಟ ಮೇಲೆ ಉಳಿಯುವವನೇ ದಾನಿ

ಮೊಸ್ತಾರ್‌ನ ಹಳೆಯ ಸೇತುವೆಯನ್ನು ಫಿರಂಗಿ ಹೊಡೆದು ಕೆಡವಿದ್ದು 1993ರ ನವೆಂಬರ್ 9ರಂದು. ಮತ್ತೆ ಕಟ್ಟಿ ತೆರೆದದ್ದು 2004ರ ಜುಲೈ 23ರಂದು. ಜಗತ್ತಿನ ಗಣ್ಯರು ಬಂದರು, ಹುಡುಗರು ಸೇತುವೆಯಿಂದ ನೆರೆತ್ವಾ ನದಿಗೆ ಧುಮುಕಿದರು, ಎಲ್ಲ ಟಿವಿಗಳೂ ತೋರಿಸಿದವು. ಬಹಳ ಮಂದಿಯ ಮನಸ್ಸಿನಲ್ಲಿ ಬೋಸ್ನಿಯಾದ ಪುನರ್ನಿರ್ಮಾಣ ಅಂದಿಗೆ ಮುಗಿಯಿತು. ಅಷ್ಟರಲ್ಲಿ ಆಫ್ಘಾನಿಸ್ತಾನ, ಇರಾಕ್ ಬಂದಿದ್ದವು. ಹಣವೂ ತಜ್ಞರೂ ಅತ್ತ ಹೊರಟರು. ನನ್ನ ಜೊತೆಯ ಒಳ್ಳೊಳ್ಳೆಯ ಕೆಲಸಗಾರರೇ ಮೂರು ಪಟ್ಟು ಸಂಬಳಕ್ಕೆ ಬಾಗ್ದಾದ್ ವಿಮಾನ ಹತ್ತಿದರು. ಅವರನ್ನು ದೂರಲಾರೆ.

ಮೈನ್ ಮಾತ್ರ ಇದ್ದಲ್ಲೇ ಇತ್ತು. ಒಟ್ಟಾವಾ ಒಪ್ಪಂದದಂತೆ ಬೋಸ್ನಿಯಾ 2009ರೊಳಗೆ ತೆರವು ಮುಗಿಸಬೇಕಿತ್ತು. ಅದು 2019ಕ್ಕೆ ಹೋಯಿತು, ಅಲ್ಲಿಂದ 2021ಕ್ಕೆ, ಅಲ್ಲಿಂದ 2027ರ ಮಾರ್ಚ್ 1ಕ್ಕೆ. ನಡುವೆ 2014ರ ಮೇ ತಿಂಗಳಲ್ಲಿ ಭಾರಿ ಪ್ರವಾಹ. ಬೋಸ್ನಾ, ಸಾವಾ ನದಿಗಳು ಉಕ್ಕಿದವು, ಗುಡ್ಡಗಳು ಸಾವಿರಗಟ್ಟಲೆ ಕಡೆ ಕುಸಿದವು. ವರ್ಷಗಟ್ಟಲೆ ನಕ್ಷೆ ಮಾಡಿ ನೆಟ್ಟಿದ್ದ ತಲೆಬುರುಡೆಯ ಕೆಂಪು ಫಲಕಗಳು ನೀರಿನಲ್ಲಿ ತೇಲಿಹೋದವು. ಮೈನುಗಳು ಜಾಗ ಬಿಟ್ಟು ಕೆಳಗಿನ ಹೊಲಗಳಿಗೆ ಇಳಿದವು. ಸರ್ವೆ ಮಾಡಿದ ಕಡೆಯೇ ಮತ್ತೆ ಸರ್ವೆ.

ಇಂಥ ಹೊತ್ತಿನಲ್ಲಿ ಐಟಿಎಫ್ ಜಾಗ ಬಿಡಲಿಲ್ಲ. ಹಾಗೆಂದು ಅದನ್ನು ಹೊಗಳಿ ಹಾಡುವುದೂ ನನ್ನ ಕೆಲಸವಲ್ಲ. ಬಾಲ್ಕನ್‌ಗೆ ಬರುವ ಹಣ ಕಡಿಮೆಯಾದಂತೆ ಅದು ಕಾಕಸಸ್, ಆಫ್ಘಾನಿಸ್ತಾನ, ಕೊಲಂಬಿಯಾ, ಉಕ್ರೇನ್ ಎಂದು ಹರಡಿಕೊಂಡಿತು. 2012ರಲ್ಲಿ ಹೆಸರನ್ನೂ ಬದಲಿಸಿ "ಮಾನವ ಭದ್ರತೆ" ಎಂಬ ಅಗಲವಾದ ಮಾತು ಸೇರಿಸಿಕೊಂಡಿತು. ಸಂಸ್ಥೆ ಉಳಿಯಲು ಅದು ಬೇಕಿತ್ತು ಎಂದು ಅಲ್ಲಿನವರು ಹೇಳುತ್ತಾರೆ, ಇರಬಹುದು. ಆದರೆ ಒಂದೇ ಕೆಲಸ ಹಿಡಿದಾಗ ಇದ್ದ ಹರಿತ ಈಗ ಇದೆಯೇ ಎಂದು ನನಗೆ ಅನುಮಾನ. ಅದೇ ಬಾಲ್ಕನ್ ಪ್ರದೇಶದ ಅಲ್ಬೇನಿಯಾದಲ್ಲಿ 2009ಕ್ಕೇ ತೆರವು ಮುಗಿಯಿತು, ಯಾಕೆಂದರೆ ಅಲ್ಲಿ ಸಮಸ್ಯೆ ಚಿಕ್ಕದು, ಗಮನ ಚದುರಲಿಲ್ಲ. ಬೋಸ್ನಿಯಾದಲ್ಲಿ ಎರಡೂ ಹಾಗಿರಲಿಲ್ಲ.

ದುಡ್ಡಿನ ಮಾತು ಹೇಳಿಯೇ ಬಿಡುತ್ತೇನೆ. ಸ್ಲೊವೇನಿಯಾ 2013ರಲ್ಲಿ ದಾನಿ ರಾಷ್ಟ್ರಗಳ ಸಮಿತಿಗೆ ಸೇರಿದಾಗ ಅದರ ವಿದೇಶಿ ನೆರವು ರಾಷ್ಟ್ರೀಯ ಆದಾಯದ ಶೇ. 0.13ರಷ್ಟು. ವಿಶ್ವಸಂಸ್ಥೆ ಕೇಳುವುದು ಶೇ. 0.7. ಆ ಅಳತೆಯಲ್ಲಿ ಅದು ಜಿಪುಣ ದೇಶ. ಆ ಹಣದ ಒಂದು ತುಣುಕಿನಿಂದ ಅದು ಮಾಡಿದ ಕೆಲಸವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎರಡನ್ನೂ ಬರೆಯದಿದ್ದರೆ ವರದಿ ಪೂರ್ತಿಯಾಗುವುದಿಲ್ಲ.

9. ಹೊರಡುವವರಿಗೆ, ಮತ್ತು ಪ್ರವಾಸಕ್ಕೆ ಹೋಗುವವರಿಗೂ

ಕೆಲಸಕ್ಕೆ ಹೊರಡುವವರು ಮೂರು ಕಾಗದ ಕೇಳಿ ಪಡೆಯಿರಿ: ಗುತ್ತಿಗೆಯಲ್ಲಿ ಹಣ ಯಾವ ಲೆಕ್ಕಕ್ಕೆ ಪಾವತಿಯಾಗುತ್ತದೆ ಎಂಬ ಪುಟ, ಕೆಲಸದ ಆದ್ಯತೆಯ ಪಟ್ಟಿ, ಮತ್ತು ದಾನಿ ದೇಶ ಎಷ್ಟು ವರ್ಷಕ್ಕೆ ಬರೆದುಕೊಟ್ಟಿದೆ ಎಂಬ ಪತ್ರ. ಮೂರೂ ಸಿಗದಿದ್ದರೆ ಹೋಗಬೇಡಿ ಎನ್ನುವುದಿಲ್ಲ, ಆದರೆ ತಿಳಿದು ಹೋಗಿ.

ಈಚೆಗೆ ನಮ್ಮವರು ಪ್ರವಾಸಕ್ಕೂ ಸರಾಯೆವೊಗೆ ಹೋಗುತ್ತಿದ್ದಾರೆ. ಚೆನ್ನಾದ ಊರು, ಹೋಗಿ ಬನ್ನಿ. 2018ರಲ್ಲಿ ಮತ್ತೆ ಶುರುವಾದ ಕೇಬಲ್ ಕಾರಿನಲ್ಲಿ ತ್ರೆಬೆವಿಚ್ ಬೆಟ್ಟಕ್ಕೆ ಏರಿ, 1984ರ ಚಳಿಗಾಲದ ಒಲಿಂಪಿಕ್ಸ್‌ನ ಪಾಳುಬಿದ್ದ ಬಾಬ್‌ಸ್ಲೆಡ್ ಜಾರುದಾರಿಯನ್ನೂ ನೋಡಿ. ಯುದ್ಧದಲ್ಲಿ ಆ ಬೆಟ್ಟದ ತುಂಬ ಮೈನ್ ಇತ್ತು, ಈಗ ಜನ ಓಡಾಡುವ ಭಾಗವೆಲ್ಲ ತೆರವಾಗಿದೆ. ಆದರೆ ದೇಶದ ಬೇರೆ ಗುಡ್ಡಕಾಡುಗಳಲ್ಲಿ ಕೆಲಸ ಇನ್ನೂ ಬಾಕಿ ಇದೆ. ಫೋಟೊ ತೆಗೆಯಲೆಂದು ಟಾರು ರಸ್ತೆ ಅಥವಾ ಗುರುತು ಹಾಕಿದ ಕಾಲುದಾರಿ ಬಿಟ್ಟು ಕಾಡಿನೊಳಕ್ಕೆ ಇಳಿಯಬೇಡಿ, ಪಾಳುಮನೆಗಳ ಒಳಗೆ ಹೋಗಬೇಡಿ, ಕೆಂಪು ಫಲಕ ಕಂಡರೆ ನಿಮ್ಮದೇ ಹೆಜ್ಜೆಗುರುತಿನಲ್ಲಿ ಹಿಂದಕ್ಕೆ ಬನ್ನಿ. ಫಲಕ ಕಾಣಲಿಲ್ಲ ಎಂದ ಮಾತ್ರಕ್ಕೆ ಮೈನ್ ಇಲ್ಲ ಎಂದುಕೊಳ್ಳಬೇಡಿ. ಸಂದೇಹ ಬಂದರೆ ಊರಿನ ಯಾರನ್ನಾದರೂ ಕೇಳಿ. ಅಲ್ಲಿನವರಿಗೆ ಹೆಚ್ಚಾಗಿ ಗೊತ್ತಿರುತ್ತದೆ.